ಮೀಟರ್ ನೋಡಿ ಸಾಫ್ಟ್‌ವೇರ್ ಬದಲಾಯಿಸುವ ಮುಂಚೆ

ಹಾಡು ಮಿಕ್ಸ್ ಮಾಡುವುದರ ಜೊತೆಗೆ, ಸಂಗೀತ ಮಾಡುವವರ ಕಂಪ್ಯೂಟರ್‌ಗಳನ್ನು ಸರಿಪಡಿಸಿ ಕೊಡುವುದೂ ನನ್ನ ಕೆಲಸ. ಎಂಥ ಪ್ರಶ್ನೆಗೂ ನಾನು ಸಿಟ್ಟಾಗುವುದಿಲ್ಲ. ಆದರೆ ಈ ಒಂದು ಪ್ರಶ್ನೆ ಮಾತ್ರ ತಾಳ್ಮೆ ಕೆಡಿಸುತ್ತದೆ: "ಸರ್, ನಂದು ಸಿಪಿಯು ಎಪ್ಪತ್ತು ಪರ್ಸೆಂಟ್ ತೋರಿಸ್ತಿದೆ. ನನ್ನ ಫ್ರೆಂಡ್ ಬೇರೆ ಸಾಫ್ಟ್‌ವೇರ್ ಬಳಸ್ತಾನೆ, ಅವನದು ಮೂವತ್ತು. ನಾನೂ ಅದಕ್ಕೇ ಹೋಗ್ಬಿಡ್ಲಾ?"

ಕೇಳುವವರು ದಡ್ಡರಲ್ಲ. ಒಳ್ಳೆಯ ಕಿವಿ ಇದೆ, ಹಾಡು ಕಟ್ಟುವ ಶಕ್ತಿ ಇದೆ. ಆದರೆ ಪರದೆಯ ಮೂಲೆಯಲ್ಲಿರುವ ಒಂದು ಅಂಕಿಗೆ ಹೆದರಿ, ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡಲು ಬಳಸುವ, ವರ್ಷಗಟ್ಟಲೆ ಕೈಗೆ ಹತ್ತಿದ ಸಾಫ್ಟ್‌ವೇರನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಮೂರು ತಿಂಗಳು ಶಾರ್ಟ್‌ಕಟ್ ಕಲಿಯುವುದರಲ್ಲೇ ಹೋಗುತ್ತದೆ. ಹಾಡು ಅಲ್ಲೇ ನಿಂತಿರುತ್ತದೆ.

ಆ ಅಂಕಿ ತೋರಿಸುವ ಮೀಟರ್ ಏನು ಅಳೆಯುತ್ತದೆ ಅನ್ನುವುದನ್ನು ನಿಧಾನವಾಗಿ ನೋಡೋಣ. ನಿಮ್ಮ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿಗೆ ಸದ್ದನ್ನು ಒಳಗೆ-ಹೊರಗೆ ಸಾಗಿಸುವ ಪೆಟ್ಟಿಗೆ) ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದಿನ ಪುಟ್ಟ ಅಳತೆಗಳನ್ನು, ಕೇಳುತ್ತದೆ ಅಂದುಕೊಳ್ಳಿ. ಅವನ್ನು ಒಂದೊಂದಾಗಿ ಅಲ್ಲ, ಕಂತು ಕಂತಾಗಿ ಕೇಳುತ್ತದೆ. ಆ ಕಂತೇ ಬಫರ್. ಬಫರ್ 128 ಸ್ಯಾಂಪಲ್ ಇದ್ದರೆ ಒಂದು ಕಂತಿಗೆ ಸಿಗುವ ಸಮಯ ಸುಮಾರು 2.7 ಮಿಲಿಸೆಕೆಂಡ್. ಅಷ್ಟರಲ್ಲಿ ಎಲ್ಲ ಟ್ರ್ಯಾಕ್, ಎಲ್ಲ ಪ್ಲಗಿನ್ (ಸದ್ದು ಹುಟ್ಟಿಸುವ, ತಿದ್ದುವ ಪುಟ್ಟ ತಂತ್ರಾಂಶ), ಹಲವು ಟ್ರ್ಯಾಕ್ ಕೂಡುವ ಎಲ್ಲ ಬಸ್ಸಿನ ಲೆಕ್ಕ ಮುಗಿದು ಸದ್ದು ಹೊರಗೆ ಬರಬೇಕು. ಸ್ವಲ್ಪ ತಡವಾದರೂ ಸ್ಪೀಕರಿನಲ್ಲಿ ಚಟ್ ಎಂದು ಕೇಳಿಸುತ್ತದೆ. ಬಫರ್ 1024ಕ್ಕೆ ಏರಿಸಿದರೆ ಸುಮಾರು 21 ಮಿಲಿಸೆಕೆಂಡ್ ಸಿಗುತ್ತದೆ, 64ಕ್ಕೆ ಇಳಿಸಿದರೆ 1.3 ಮಾತ್ರ.

ಸಂಗೀತ ಸಾಫ್ಟ್‌ವೇರಿನೊಳಗಿನ ಮೀಟರ್ ಸಾಮಾನ್ಯವಾಗಿ ಹೇಳುವುದು ಇಷ್ಟು: ಕೊಟ್ಟ ಸಮಯದಲ್ಲಿ ಎಷ್ಟು ಭಾಗ ಖರ್ಚಾಯಿತು? ಪ್ರೊಸೆಸರ್ ಒಟ್ಟಾರೆ ಎಷ್ಟು ದುಡಿಯಿತು ಅನ್ನುವುದು ಬೇರೆ ಲೆಕ್ಕ, ಅದನ್ನು ತೋರಿಸುವುದು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್. ಅದು ಎಲ್ಲ ಕೋರ್‌ಗಳ, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಬೇರೆ ಬೇರೆ ಘಟಕಗಳ, ಸರಾಸರಿ ತೆಗೆಯುತ್ತದೆ. ಎಂಟು ಕೋರ್‌ಗಳಲ್ಲಿ ಒಂದೇ ಒಂದು ಪೂರ್ತಿ ತುಂಬಿಹೋಗಿ ಸದ್ದು ಒಡೆಯುತ್ತಿದ್ದರೂ, ಉಳಿದವು ಸುಮ್ನೆ ಕೂತಿದ್ದರೆ ಅಲ್ಲಿ ಕಾಣುವುದು 12.5 ಪರ್ಸೆಂಟ್. "ಕಂಪ್ಯೂಟರ್ ಆರಾಮಾಗಿದೆ, ಸಾಫ್ಟ್‌ವೇರೇ ಸರಿ ಇಲ್ಲ" ಅನ್ನುವ ತೀರ್ಪು ಹುಟ್ಟುವುದು ಇಲ್ಲೇ.

ಇನ್ನು ಒಂದೊಂದು ಸಾಫ್ಟ್‌ವೇರಿನ ಮೀಟರ್ ಒಂದೊಂದು ಥರ. ಏಬಲ್‌ಟನ್ ಲೈವ್ ಆಡಿಯೋ ಲೆಕ್ಕದ ಹೊರೆಯನ್ನು ಮಾತ್ರ ತೋರಿಸುತ್ತದೆ. ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್‌ನಲ್ಲಿ ಒಟ್ಟು ಸಿಪಿಯು ಬೇರೆ, ಆರ್‌ಟಿ (ರಿಯಲ್-ಟೈಮ್, ಆ ಕ್ಷಣದ) ಸಿಪಿಯು ಬೇರೆ. ಕ್ಯೂಬೇಸ್ ರಿಯಲ್-ಟೈಮ್ ಹೊರೆಯನ್ನೂ ಎಎಸ್‌ಐಒ-ಗಾರ್ಡ್ (ಮುಂಚಿತವಾಗಿ ಮಾಡಿಡುವ ಲೆಕ್ಕದ) ಹೊರೆಯನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಇಡುತ್ತದೆ. ಲಾಜಿಕ್ ಪ್ರೊ ಥ್ರೆಡ್‌ಗೊಂದು (ಲೆಕ್ಕದ ಒಂದೊಂದು ಎಳೆಗೊಂದು) ಕಂಬ ನಿಲ್ಲಿಸುತ್ತದೆ. ಹಾಗಿರುವಾಗ ಒಂದರ ಎಪ್ಪತ್ತನ್ನು ಇನ್ನೊಂದರ ಮೂವತ್ತಿಗೆ ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮರುವಾರ ಇನ್ನೊಬ್ಬರು ಅದೇ ಸ್ಕ್ರೀನ್‌ಶಾಟ್ ಕಳಿಸುತ್ತಾರೆ.

ಒಂದೇ ಕೋರ್ ತುಂಬುವುದಾದರೂ ಯಾಕೆ? ಬೇರೆ ಬೇರೆ ಟ್ರ್ಯಾಕ್‌ಗಳನ್ನು ಸಾಫ್ಟ್‌ವೇರ್ ಬೇರೆ ಬೇರೆ ಕೋರ್‌ಗಳಿಗೆ ಹಂಚಬಲ್ಲದು. ಆದರೆ ಒಂದೇ ಸಾಲಿನಲ್ಲಿರುವ ಪ್ಲಗಿನ್‌ಗಳನ್ನು ಹಾಗೆ ಹಂಚುವುದು ಕಷ್ಟ. ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಕೆಲಸ ಮುಗಿಸದೆ ಅದರ ಮುಂದಿನ, ಆವರ್ತನಗಳನ್ನು ಹೆಚ್ಚು-ಕಡಿಮೆ ಮಾಡುವ ಈಕ್ಯೂಗೆ ಸದ್ದೇ ಸಿಗುವುದಿಲ್ಲ. ಒಲೆ ಸುತ್ತ ಹತ್ತು ಜನ ನಿಂತರೂ ಒಂದು ಪಾತ್ರೆಯ ನೀರು ಬೇಗ ಕುದಿಯುವುದಿಲ್ಲ, ಅಲ್ವಾ? ಮಾಸ್ಟರ್ ಮೇಲೆ, ಅಂದರೆ ಎಲ್ಲ ಟ್ರ್ಯಾಕ್ ಕೊನೆಗೆ ಸೇರುವ ಜಾಗದಲ್ಲಿ, ನೀವು ಜೋಡಿಸಿದ ಸಾಲು ಅಂಥದ್ದು.

ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಹೀಗೇ ಬಂದಿದ್ದ. ತುಂಬ ಪ್ರತಿಭೆಯ ಹುಡುಗ, ಅವನ ಕಾರ್ಡ್‌ಗಳು ಹೋಗುವ ದಾರಿ ನನಗೆ ಈಗಲೂ ಇಷ್ಟ. ಸಾಫ್ಟ್‌ವೇರ್ ಬದಲಾಯಿಸಲು ತೀರ್ಮಾನ ಮಾಡಿಯೇ ಬಂದಿದ್ದ. ಸೆಷನ್ (ಹಾಡಿನ ಫೈಲ್) ತೆರೆದು ನೋಡಿದೆ. ಮಾಸ್ಟರ್‌ನಲ್ಲಿ ಲೀನಿಯರ್-ಫೇಸ್ ಈಕ್ಯೂ, ಅದರ ಕೆಳಗೆ ಎಂಟು ಪಟ್ಟು ಓವರ್‌ಸ್ಯಾಂಪ್ಲಿಂಗ್‌ನಲ್ಲಿ ಓಡುತ್ತಿದ್ದ ಟೇಪ್ ಸ್ಯಾಚುರೇಷನ್, ಕೊನೆಗೆ ಲುಕ್‌ಅಹೆಡ್ (ಮುಂದೆ ಬರುವ ಸದ್ದನ್ನು ಇಣುಕಿ ನೋಡುವ ಸೌಲಭ್ಯ) ಇರುವ ಲಿಮಿಟರ್. ಮೂರೂ ಭಾರದ ಪ್ಲಗಿನ್‌ಗಳು. ಸಿಂತ್ ಟ್ರ್ಯಾಕ್ ರೆಕಾರ್ಡಿಂಗ್‌ಗೆ ಆರ್ಮ್ (ಸಿದ್ಧ) ಆಗಿತ್ತು, ಬಫರ್ 64. ಹಾಡು ಇನ್ನೂ ಅರ್ಧ ಬರೆದಿಲ್ಲ, ಮಾಸ್ಟರಿಂಗ್ (ಮುಗಿದ ಹಾಡಿಗೆ ಕೊಡುವ ಕೊನೆಯ ಮೆರುಗು) ಆಗಲೇ ಶುರುವಾಗಿತ್ತು! ಆ ಮೂರನ್ನೂ ಬೈಪಾಸ್ ಮಾಡಿ ಮತ್ತೆ ನುಡಿಸಲು ಹೇಳಿದೆ. ಚಟಪಟ ನಿಂತಿತು. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತಿದೆ ಅನ್ನುವ ಅವನ ಇನ್ನೊಂದು ದೂರೂ ಅದರ ಜೊತೆಗೇ ಹೋಯಿತು. ಲೀನಿಯರ್-ಫೇಸ್ ಈಕ್ಯೂ ಮತ್ತು ಲುಕ್‌ಅಹೆಡ್ ತಮ್ಮ ಕೆಲಸಕ್ಕೇ ಸಮಯ ತಿನ್ನುತ್ತವೆ. ಬಫರ್ ಎಷ್ಟು ಇಳಿಸಿದರೂ ಆ ತಡ ಹೋಗುವುದಿಲ್ಲ.

ಅವನ ಗೆಳೆಯನ ಮೂವತ್ತು ಎಲ್ಲಿಂದ ಬಂತು? ಆ ಗೆಳೆಯ ಸುಮ್ನೆ ಪ್ಲೇ ಒತ್ತಿ ಕೇಳುತ್ತಿದ್ದ. ರೆಕಾರ್ಡ್ ಮಾಡಿದ ಟ್ರ್ಯಾಕಿನ ಲೆಕ್ಕವನ್ನು ಮುಂಚಿತವಾಗಿಯೇ ಮಾಡಿಡಬಹುದು, ಮುಂದೆ ಏನು ಬರುತ್ತದೆ ಎಂದು ಸಾಫ್ಟ್‌ವೇರಿಗೆ ಗೊತ್ತಿರುತ್ತದಲ್ಲ. ರೀಪರ್ ಇದನ್ನು ಆಂಟಿಸಿಪೇಟಿವ್ ಎಫ್‌ಎಕ್ಸ್ ಎನ್ನುತ್ತದೆ, ಮೊದಲಿಂದ ಇರುವ ಸೆಟ್ಟಿಂಗ್‌ನಲ್ಲಿ 200 ಮಿಲಿಸೆಕೆಂಡ್ ಮುಂದಿನ ಲೆಕ್ಕ ಮಾಡುತ್ತದೆ. ಕ್ಯೂಬೇಸ್‌ನ ಎಎಸ್‌ಐಒ-ಗಾರ್ಡ್, ಸ್ಟುಡಿಯೋ ಒನ್‌ನ ಡ್ರಾಪ್‌ಔಟ್ ಪ್ರೊಟೆಕ್ಷನ್, ಲಾಜಿಕ್‌ನ ಪ್ರೊಸೆಸ್ ಬಫರ್ ಎಲ್ಲ ಇದೇ ಜಾತಿ. ಈಗ ನುಡಿಸುತ್ತಿರುವ ಟ್ರ್ಯಾಕಿಗೆ ಈ ಅನುಕೂಲ ಸಿಗುವುದಿಲ್ಲ, ನಿಮ್ಮ ಬೆರಳು ಮುಂದೆ ಯಾವ ಕೀ ಒತ್ತುತ್ತದೆ ಎಂದು ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ. ಲಾಜಿಕ್‌ನಲ್ಲಂತೂ ಸಾಫ್ಟ್‌ವೇರ್ ವಾದ್ಯದ ಟ್ರ್ಯಾಕನ್ನು ಆಯ್ಕೆ ಮಾಡಿದರೆ ಸಾಕು, ಅದು ಲೈವ್ (ಆಗಿಂದಾಗಲೇ ನುಡಿಸಲು ಸಿದ್ಧ) ಆಗಿಬಿಡುತ್ತದೆ, ಒಂದು ಕಂಬ ಏರುತ್ತದೆ. ಖಾಲಿ ಆಡಿಯೋ ಟ್ರ್ಯಾಕ್ ಮೇಲೆ ಕ್ಲಿಕ್ ಮಾಡಿದರೆ ಇಳಿಯುತ್ತದೆ. ನೀವೇ ಮಾಡಿ ನೋಡಿ.

ಹಾಗಂತ ಸಾಫ್ಟ್‌ವೇರ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ನನ್ನ ಅನುಭವದಲ್ಲಿ ತುಂಬ ಟ್ರ್ಯಾಕ್ ಇರುವ, ಬರೀ ಪ್ಲೇಬ್ಯಾಕ್ ಮಾಡುವ ಸೆಷನ್‌ನಲ್ಲಿ ರೀಪರ್ ಹಗುರ. ಆದರೆ ನಿಮ್ಮ ಮಷೀನ್ ನೋಡದೆ ನಿಮಗೂ ಹಾಗೇ ಆಗುತ್ತದೆ ಎಂದು ಮಾತು ಕೊಡಲಾರೆ. ಹೋಲಿಸಲೇಬೇಕು ಅಂದರೆ ಡಾಬೆಂಚ್ ಪರೀಕ್ಷೆಯ ದಾರಿ ಹಿಡಿಯಿರಿ: ಅದೇ ಇಂಟರ್‌ಫೇಸ್, ಅದೇ ಡ್ರೈವರ್, ಅದೇ ಸ್ಯಾಂಪಲ್ ರೇಟ್, ಅದೇ ಬಫರ್, ಅದೇ ಪ್ಲಗಿನ್. ಸದ್ದು ಒಡೆಯುವ ತನಕ ಆ ಪ್ಲಗಿನ್ನಿನ ಪ್ರತಿಗಳನ್ನು ಹಾಕುತ್ತಾ ಹೋಗಿ. ಎಷ್ಟನೆಯದಕ್ಕೆ ಒಡೆಯಿತು ಎಂದು ಬರೆದಿಡಿ. ಒಮ್ಮೆ ಪ್ಲೇಬ್ಯಾಕ್‌ನಲ್ಲಿ, ಒಮ್ಮೆ ಆರ್ಮ್ ಮಾಡಿದ ಟ್ರ್ಯಾಕ್ ಮೇಲೆ. ಮೀಟರಿನ ಕಡೆ ನೋಡಲೇಬೇಡಿ.

ಪರೀಕ್ಷೆಗೆ ಮುಂಚೆ ವಿಂಡೋಸ್‌ನ ಪವರ್ ಸೆಟ್ಟಿಂಗ್ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿದ್ದರೆ ಪ್ರೊಸೆಸರ್ ವೇಗ ತಗ್ಗಬಹುದು. ವೈಫೈ ಡ್ರೈವರ್ ನಡುನಡುವೆ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಸದ್ದು ಒಡೆಯುವುದೂ ಉಂಟು, ಅದನ್ನು ಹುಡುಕಲು ಲೇಟೆನ್ಸಿಮಾನ್ ಎಂಬ ಉಪಕರಣ ಇದೆ. ಇವೆಲ್ಲ ಸರಿ ಇದ್ದ ಮೇಲೆ ಸಾಫ್ಟ್‌ವೇರನ್ನು ಅನುಮಾನಿಸಿ.

ಸಿಪಿಯು ಬಿಟ್ಟು ಕೆಲಸದ ಅನುಕೂಲಕ್ಕೆ ಬಂದರೆ ಹೋಲಿಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಫ್ರೀಜ್, ಅಂದರೆ ಟ್ರ್ಯಾಕನ್ನು ತಾತ್ಕಾಲಿಕವಾಗಿ ಆಡಿಯೋ ಮಾಡಿಟ್ಟು ಹೊರೆ ಇಳಿಸುವುದು, ಹೇಗಿದೆ ನೋಡಿ. ಲಾಜಿಕ್‌ನಲ್ಲಿ ವಾದ್ಯವನ್ನಷ್ಟೇ ಫ್ರೀಜ್ ಮಾಡಬಹುದು, ಆಗ ಅದರ ಕೆಳಗಿನ ಎಫೆಕ್ಟ್‌ಗಳನ್ನು ತಿದ್ದುತ್ತಿರಬಹುದು. ಇಲ್ಲ, ಎಫೆಕ್ಟ್ ಸಮೇತವೂ ಮಾಡಬಹುದು. ಭಾರವಾದ ಸಿಂತ್ ಇಟ್ಟುಕೊಂಡವರಿಗೆ ಇದೊಂದೇ ಹೊಸ ಕಂಪ್ಯೂಟರ್ ಕೊಂಡಷ್ಟು ನೆಮ್ಮದಿ ಕೊಡುತ್ತದೆ. ಬಿಟ್‌ವಿಗ್‌ನಲ್ಲಿ ಪ್ಲಗಿನ್‌ಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿ ಓಡಿಸಬಹುದು. ಒಂದು ಪ್ಲಗಿನ್ ಕುಸಿದರೆ ಹಾಡು ಪೂರ್ತಿ ಮುಚ್ಚಿಹೋಗುವುದಿಲ್ಲ. ಅದಕ್ಕೆ ಸ್ವಲ್ಪ ಹೆಚ್ಚಿನ ಹೊರೆ ತೆರಬೇಕು. ವೇದಿಕೆ ಮೇಲೆ ನುಡಿಸುವವರಿಗೆ ನಾನು ಯೋಚಿಸದೆ ಆ ಬೆಲೆ ತೆರಿ ಅನ್ನುತ್ತೇನೆ. ಬರೀ ಪರ್ಸೆಂಟ್ ನೋಡುವವರು ಇದನ್ನು ದೋಷ ಅಂದುಕೊಳ್ಳುತ್ತಾರೆ.

ಗಾಯಕರ ಹತ್ತು ಟೇಕ್‌ಗಳಿಂದ ಒಳ್ಳೆಯ ತುಣುಕುಗಳನ್ನು ಆಯುವುದೇ ನಿಮ್ಮ ದಿನದ ಕೆಲಸವಾದರೆ, ಆ ಕಾಂಪಿಂಗ್ ಎಷ್ಟು ಸಲೀಸು ಅನ್ನುವುದು ಮುಖ್ಯ. ಏಬಲ್‌ಟನ್ ಲೈವ್‌ಗೆ ಅದು ಬಂದದ್ದೇ 2021ರಲ್ಲಿ, 11ನೇ ಆವೃತ್ತಿಯೊಂದಿಗೆ. ಅಲ್ಲಿಯತನಕ ಅದರಲ್ಲಿ ಗಾಯನ ತಿದ್ದುವವರ ಪಾಡು ನಾನು ಕಂಡಿದ್ದೇನೆ. ಆದರೆ ಲೂಪ್ ಹಿಡಿದು ಹಾಡು ಹುಡುಕುವವರಿಗೆ ಅದರ ಸೆಷನ್ ವ್ಯೂ (ಲೂಪ್‌ಗಳನ್ನು ಬೇಕಾದಾಗ ಒತ್ತಿ ನುಡಿಸುವ ಪರದೆ) ಎಷ್ಟು ಒಗ್ಗಿರುತ್ತದೆ ಅಂದರೆ, ಅವರನ್ನು ಅಲ್ಲಿಂದ ಕದಲಿಸುವುದು ಅನ್ಯಾಯ.

"ಆ ಸಾಫ್ಟ್‌ವೇರಿನ ಸೌಂಡೇ ಬೇರೆ ಸರ್" ಅನ್ನುವವರೂ ಇದ್ದಾರೆ. ಬಹುತೇಕ ಸಲ ಅದು ಪ್ಯಾನ್ ಲಾ ವ್ಯತ್ಯಾಸ, ಅಂದರೆ ಸದ್ದನ್ನು ಎಡ-ಬಲಕ್ಕೆ ಹಂಚುವಾಗ ಮಟ್ಟ ಹೊಂದಿಸುವ ನಿಯಮದ ವ್ಯತ್ಯಾಸ. ಒಂದರಲ್ಲಿ ಮಧ್ಯದಲ್ಲಿರುವ ಸದ್ದು 3 ಡೆಸಿಬಲ್ ಇಳಿಯುತ್ತದೆ, ಇನ್ನೊಂದರಲ್ಲಿ ಇಳಿಯುವುದಿಲ್ಲ. ಅದನ್ನು ಒಂದೇ ಮಾಡಿ, ಪ್ಲಗಿನ್ ಇಲ್ಲದ ಎರಡು ಬೌನ್ಸ್ (ಹಾಡಿನ ಆಡಿಯೋ ಫೈಲ್) ತೆಗೆದು, ಒಂದರ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಕೂಡಿಸಿ ನೋಡಿ. ಸಾಮಾನ್ಯವಾಗಿ ಮೌನವೇ ಉಳಿಯುತ್ತದೆ, ಅಂದರೆ ಎರಡರ ಸದ್ದೂ ಒಂದೇ.

ಇಷ್ಟೆಲ್ಲ ಕೇಳಿಯೂ ಬದಲಾಯಿಸಬೇಕು ಅನ್ನಿಸಿದರೆ ಖಂಡಿತ ಬದಲಾಯಿಸಿ. ರೀಪರ್ 60 ದಿನ ಪೂರ್ತಿ ಬಳಸಿ ನೋಡಲು ಬಿಡುತ್ತದೆ, ಉಳಿದ ಬಹುಪಾಲಿಗೂ ಟ್ರಯಲ್ ಇದೆ. ಹೊಸ ಹಾಡನ್ನೇ ಅದರಲ್ಲಿ ಶುರು ಮಾಡಿ, ಕೊಡುವ ದಿನ ಹತ್ತಿರವಿರುವ ಹಾಡನ್ನು ದಯವಿಟ್ಟು ಅರ್ಧಕ್ಕೆ ಎತ್ತಿಕೊಂಡು ಹೋಗಬೇಡಿ. ಹೋಗಲೇಬೇಕಾದರೆ, ಬಿಟ್‌ವಿಗ್ ಮತ್ತು ಸ್ಟುಡಿಯೋ ಒನ್ ಮಾಡಿದ ಪ್ರಿಸೋನಸ್ 2023ರಲ್ಲಿ ತಂದ, ಒಂದು ಸಾಫ್ಟ್‌ವೇರಿನ ಸೆಷನ್ನನ್ನು ಇನ್ನೊಂದಕ್ಕೆ ಸಾಗಿಸುವ ಡಾಪ್ರಾಜೆಕ್ಟ್ ಫಾರ್ಮ್ಯಾಟ್ ಎರಡೂ ಕಡೆ ಇದೆಯಾ ನೋಡಿ. ಇಲ್ಲದಿದ್ದರೆ ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಬಾರ್‌ನಿಂದಲೇ (ತಾಳದ ಮೊದಲ ಆವರ್ತದಿಂದಲೇ) ವೇವ್ ಫೈಲ್ ಮಾಡಿ, ಮಿಡಿ ಫೈಲ್ (ನುಡಿಸಿದ ಸ್ವರಗಳ ದಾಖಲೆ) ಬೇರೆ ತೆಗೆದು, ಟೆಂಪೋ ಬರೆದಿಟ್ಟುಕೊಳ್ಳಿ. ಜೊತೆಗೆ ಕ್ಲಿಕ್ ಟ್ರ್ಯಾಕ್ (ತಾಳದ ಟಿಕ್ ಟಿಕ್ ಸದ್ದು) ಒಂದನ್ನೂ ಆಡಿಯೋ ಆಗಿ ಹಾಕಿ. ಹೊಸ ಸಾಫ್ಟ್‌ವೇರಿನ ಮೆಟ್ರೊನೋಮ್ ಜೊತೆ ಅದು ಕೊನೆಯ ಬಾರ್‌ವರೆಗೂ ಕೂಡಿ ಬಂದರೆ ಎಲ್ಲವೂ ಸರಿಯಾದ ಜಾಗಕ್ಕೆ ಬಂದಿದೆ ಎಂದು ತಿಳಿದು ಮುಂದುವರಿಯಿರಿ.