ಬಿಗಿಯಬೇಕಾದ ಸ್ನಾಯು, ಸಡಿಲಿಸಬೇಕಾದ ಸ್ನಾಯು

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿಗೆ ಇಳಿಯುವ ಹೆಣ್ಣುಮಕ್ಕಳಲ್ಲಿ ಹಲವರು, ಸುತ್ತ ಮರೆಯೇ ಇಲ್ಲದ ಕಾರಣ, ಬಿರುಬಿಸಿಲಿನಲ್ಲೂ ನೀರು ಕಡಿಮೆ ಕುಡಿದು ಸಂಜೆಯವರೆಗೆ ಮೂತ್ರ ತಡೆದುಕೊಳ್ಳುತ್ತಾರೆ. ಕೆಮ್ಮಿದಾಗಲೋ ಹೊರೆ ಎತ್ತಿದಾಗಲೋ ಮೂತ್ರ ಸೋರಿದರೆ, ಹೆರಿಗೆಯಾದವರಿಗೆ ಇದು ಇದ್ದದ್ದೇ ಎಂದು ಸುಮ್ಮನಾಗುತ್ತಾರೆ. ಮಲ ಸರಿಯಾಗಿ ಹೋಗದ ಸಂಕಟವನ್ನಂತೂ ಮನೆಯವರ ಬಳಿಯೂ ಹೇಳುವುದಿಲ್ಲ. ಈ ಎರಡು ತೊಂದರೆಗಳ ಮೂಲ ಒಂದೇ ಸ್ನಾಯುಗುಂಪಿನಲ್ಲಿ ಇರಬಹುದೆಂಬುದನ್ನು ನಾವು ತಿಳಿಯಲೇಬೇಕು.

ಸೊಂಟದ ಎಲುಬುಗೂಡಿನ ತಳದಲ್ಲಿ, ಮುಂಭಾಗದ ಎಲುಬಿನಿಂದ ಹಿಂದಿನ ಬಾಲಮೂಳೆಯವರೆಗೆ ಹರಡಿರುವ ಈ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ಹೊತ್ತಿರುತ್ತವೆ. ಇವುಗಳಲ್ಲಿ ಪ್ಯೂಬೊರೆಕ್ಟಾಲಿಸ್ ಎಂಬುದು ಗುದನಾಳವನ್ನು ಹಿಂದಿನಿಂದ ಕವಣೆಯ ಪಟ್ಟಿಯಂತೆ ಬಳಸಿ ಮುಂದಕ್ಕೆ ಎಳೆದು, ಅದನ್ನು ಸುಮಾರು 90 ಡಿಗ್ರಿ ಬಾಗಿಸಿ ಹಿಡಿಯುವುದರಿಂದ ಮಲ ತಡೆಯುತ್ತದೆ. ವಿಸರ್ಜನೆಯ ವೇಳೆ ಅದು ಸಡಿಲಗೊಂಡಾಗ ದಾರಿ ನೇರವಾಗುತ್ತದೆ; ಕುಕ್ಕರಗಾಲಿನಲ್ಲಿ ಕೂತರೆ ಇನ್ನಷ್ಟು ನೇರವಾಗುತ್ತದೆ.

ದೀರ್ಘ ಹೆರಿಗೆಯಲ್ಲಿ ಈ ಸ್ನಾಯುಗಳು ಹರಿಯಬಹುದು, ಅವುಗಳ ನರ ಹಿಗ್ಗಿ ಘಾಸಿಗೊಳ್ಳಬಹುದು. ಮುಟ್ಟು ನಿಂತ ವಯಸ್ಸು, ಹಳೆಯ ಕೆಮ್ಮು, ಭಾರದ ದುಡಿಮೆ, ವರ್ಷಗಟ್ಟಲೆ ಮುಕ್ಕಿದ ಮಲಬದ್ಧತೆ ಇವೂ ಸೇರಿದರೆ ಸ್ನಾಯು ಸೋತು ಮೂತ್ರ ಸೋರುತ್ತದೆ, ಗರ್ಭಕೋಶ ಜಾರುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು: ಕೆಲವರಲ್ಲಿ ಸ್ನಾಯು ಸಡಿಲಿಸಬೇಕಾದ ಹೊತ್ತಿನಲ್ಲೇ ಬಿಗಿಯುತ್ತದೆ. ಆಗ ಎಷ್ಟು ಮುಕ್ಕಿದರೂ ಮಲ ಪೂರ್ತಿ ಹೋಗದು, ಮೂತ್ರ ತಡೆತಡೆದು ಬರುತ್ತದೆ, ಸಂಭೋಗದ ವೇಳೆ ನೋವಾಗುತ್ತದೆ. ಇಂಥವರಿಗೆ ಜುಲಾಬಿನ ಮಾತ್ರೆಯೊಂದೇ ಸಾಲದು.

ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ವ್ಯಾಯಾಮ ಸೋತ ಸ್ನಾಯುವಿಗೆ ಹೇಳಿದ್ದು. ಗುದದಿಂದ ಗಾಳಿ ಹೋಗದಂತೆ ತಡೆಯುವ ಹಾಗೆ ಒಳಕ್ಕೆ ಬಿಗಿದು, ಕೆಲವು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಬೇಕು. ಹೀಗೆ ಒಮ್ಮೆಗೆ 8 ಸಲದಂತೆ ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು ಮಾಡಬೇಕು. ಆದರೆ ಮೊದಲೇ ಬಿಗಿದುಕೊಂಡಿರುವ ಸ್ನಾಯುವಿಗೆ ಇದನ್ನೇ ಮಾಡಿಸಿದರೆ ತೊಂದರೆ ಹೆಚ್ಚಬಹುದು. ಅವರು ಫಿಸಿಯೋಥೆರಪಿಸ್ಟರಿಂದ ನಿಧಾನದ ಹೊಟ್ಟೆಯುಸಿರಿನೊಡನೆ ಸಡಿಲಿಸುವುದನ್ನು ಕಲಿಯಬೇಕು. ಆದ್ದರಿಂದ ಮೊಬೈಲಿನಲ್ಲಿ ನೋಡಿ ಶುರುಮಾಡುವ ಮುನ್ನ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿಕೊಳ್ಳುವುದು ಒಳ್ಳೆಯದು.

ಗರ್ಭಕೋಶ ಜಾರಿದೆ ಎಂದೊಡನೆ ಅದನ್ನು ತೆಗೆಸಲು ಅವಸರಿಸುವುದನ್ನು ಕಂಡರೆ ನನಗೆ ಆತಂಕವಾಗುತ್ತದೆ. ಅದನ್ನು ತೆಗೆದ ಮಾತ್ರಕ್ಕೆ ತಳದ ಸ್ನಾಯು ಗಟ್ಟಿಯಾಗುವುದಿಲ್ಲ. ಹಲವರಿಗೆ ವ್ಯಾಯಾಮ, ಇಲ್ಲವೇ ಯೋನಿಯೊಳಗೆ ಇರಿಸುವ ಪೆಸರಿ ಎಂಬ ಉಂಗುರವೇ ಸಾಕಾಗುತ್ತದೆ.