ಹಲ್ಲುಸೆಟ್ಟಿನ ಮೆತ್ತನೆ ಪದರಕ್ಕೆ ಬೆಳ್ಳಿ ಬೆರೆಸಿದರೆ ವಾಸನೆ ನಿಲ್ಲುತ್ತದಾ?

ಪ್ರಶ್ನೆ: ಅಮ್ಮನಿಗೆ 72 ವರ್ಷ, ಶುಗರ್ ಇದೆ. ಕೆಳಗಿನ ಹಲ್ಲುಸೆಟ್ ಚುಚ್ಚುತ್ತದೆ ಅಂತ ಒಳಗಡೆ ಮೆತ್ತನೆ ಲೈನಿಂಗ್ ಹಾಕಿಸಿದೆವು. ಕೆಲವೇ ತಿಂಗಳಲ್ಲಿ ವಾಸನೆ ಶುರುವಾಯಿತು. ಬೆಳ್ಳಿಯ ನ್ಯಾನೋ ಕಣ ಸೇರಿಸಿದರೆ ಫಂಗಸ್ ಬರುವುದಿಲ್ಲವಂತೆ. ನಿಜವಾ?

ಉತ್ತರ: ಅರ್ಧ ನಿಜ.

ಅಮ್ಮನ ಸೆಟ್ಟನ್ನು ಬೆಳಕಿಗೆ ಹಿಡಿದು ಲೈನಿಂಗಿನ ಅಂಚು ನೋಡಿ. ಗುಲಾಬಿ ಬಣ್ಣದ ಗಟ್ಟಿ ಭಾಗದಿಂದ ಅದು ಸ್ವಲ್ಪ ಬಿಟ್ಟುಕೊಂಡಿದೆಯಾ? ಉಗುರಲ್ಲಿ ಒತ್ತಿದರೆ ಮೊದಲಿನಷ್ಟು ಮೆತ್ತಗಿಲ್ಲವಾ? ಅಕ್ರಿಲಿಕ್ ಲೈನಿಂಗ್ ಆಗಿದ್ದರೆ ಹೀಗಾಗುವುದು ಸಹಜ. ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್ ದಿನಾ ಚೂರುಚೂರು ಎಂಜಲಿಗೆ ಇಳಿದು ಹೋಗುತ್ತದೆ. ಪದರ ಬಿರುಸಾಗಿ, ತರಿತರಿಯಾಗುತ್ತದೆ. ಸಿಲಿಕೋನ್ ಲೈನಿಂಗ್ ಜಾಸ್ತಿ ದಿನ ಮೆತ್ತಗಿರುತ್ತದೆ, ಆದರೆ ಅದಕ್ಕೂ ಅಂಚು ಬಿಡುವ ಚಾಳಿ ಇದೆ. ಆ ತರಿಗಳಲ್ಲಿ, ಸಂದಿಗಳಲ್ಲಿ ಕ್ಯಾಂಡಿಡಾ ಅನ್ನುವ ಯೀಸ್ಟ್ (ಇದೂ ಒಂದು ಬಗೆಯ ಫಂಗಸ್ಸೇ) ಮನೆ ಮಾಡುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲೂ ಅದು ಸುಮ್ನೆ ಇರುತ್ತದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ, ಬಾಯಿ ಒಣಗುತ್ತಿದ್ದರೆ, ರಾತ್ರಿಯೂ ಸೆಟ್ ಹಾಕಿಕೊಂಡೇ ಮಲಗಿದರೆ ಅದು ಹೆಚ್ಚಿಕೊಳ್ಳುತ್ತದೆ.

ಇಲ್ಲಿಗೆ ಬೆಳ್ಳಿ ಬರುತ್ತದೆ. ನ್ಯಾನೋ ಕಣ ಅಂದರೆ ಸುಮಾರು 1ರಿಂದ 100 ನ್ಯಾನೋಮೀಟರ್ ಗಾತ್ರದ್ದು. ನಮ್ಮ ತಲೆಕೂದಲ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್! ಕಣ ಅಷ್ಟು ಸಣ್ಣದಾದಾಗ ಅಷ್ಟೇ ತೂಕದ ಬೆಳ್ಳಿಗೆ ಹೊರಮೈ ವಿಪರೀತ ಹೆಚ್ಚುತ್ತದೆ, ಬೆಳ್ಳಿ ಅಯಾನುಗಳು (ವಿದ್ಯುದಂಶ ಹೊತ್ತ ಬೆಳ್ಳಿಯ ಪರಮಾಣುಗಳು) ಸುಲಭವಾಗಿ ಬಿಡುಗಡೆಯಾಗುತ್ತವೆ. ಅವು ಯೀಸ್ಟಿನ ಹೊರಪೊರೆಯನ್ನು ಕೆಡಿಸಿ, ಒಳಗಿನ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನೂ ಹೀಗೇ ಪ್ರಯೋಗಿಸಿದ್ದಾರೆ. ಲ್ಯಾಬಿನಲ್ಲಿ ಯೀಸ್ಟ್ ಕಡಿಮೆಯಾಗಿದ್ದೂ ಹೌದು.

ತೊಡಕು ಇರುವುದು ಬೆರೆಸುವುದರಲ್ಲಿ. ಮುದ್ದೆ ಮಾಡುವಾಗ ಹಿಟ್ಟು ಸರಿಯಾಗಿ ತೊಳಸದಿದ್ದರೆ ಗಂಟಾಗುತ್ತದಲ್ವಾ, ಈ ಕಣಗಳೂ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟಿರುವ ಕಡೆ ಪದರ ಬೇಗ ಹರಿಯುತ್ತದೆ. ಸರಿ, ಕಡಿಮೆ ಹಾಕೋಣ ಅಂದರೆ ಫಂಗಸ್ ಬಗ್ಗುವುದಿಲ್ಲ. ಜಾಸ್ತಿ ಹಾಕಿದರೆ ಲೈನಿಂಗಿನ ಮೆದುತನವೋ ಸೆಟ್ಟಿಗೆ ಹಿಡಿದುಕೊಳ್ಳುವ ಬಿಗಿಯೋ ಕೆಡಬಹುದು, ಬಣ್ಣ ಕಂದಬಹುದು, ಒಸಡಿನ ಜೀವಕೋಶಗಳಿಗೂ ತೊಂದರೆಯಾಗಬಹುದು. ಮೇಲಾಗಿ ಇವುಗಳ ಪರೀಕ್ಷೆ ಬಹುಪಾಲು ಆಗಿರುವುದು ಲ್ಯಾಬಿನ ತಟ್ಟೆಗಳಲ್ಲಿ. ಬಿಸಿ ಸಾರು, ಉಪ್ಪಿನಕಾಯಿ, ಎಲೆಅಡಿಕೆ ಎಲ್ಲ ನೋಡುವ ಬಾಯಲ್ಲಿ ತಿಂಗಳುಗಟ್ಟಲೆ ಹಾಕಿ ನೋಡಿದ್ದು ತೀರಾ ಕಡಿಮೆ. ಅದಕ್ಕೇ, ಬೆಳ್ಳಿ ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಕೊಡಿ ಅಂತ ನಾನಂತೂ ಹೇಳುವುದಿಲ್ಲ.

ಈಗ ಮಾಡಬೇಕಾದ್ದು ಬೇರೆ ಇದೆ. ಅಮ್ಮನ ಸೆಟ್ ತೆಗೆಸಿ ಟಾರ್ಚ್ ಹಾಕಿ ಕೆಳಗಿನ ಒಸಡು ನೋಡಿ, ಮೇಲೂ ಸೆಟ್ ಇದ್ದರೆ ಅಂಗುಳನ್ನೂ ನೋಡಿ. ಸೆಟ್ ಕೂರುವಷ್ಟೇ ಜಾಗ ಅಚ್ಚೊತ್ತಿದ ಹಾಗೆ ಕೆಂಪಗಿದ್ದರೆ ಅದು ಫಂಗಸ್ ಇರಬಹುದು. ಎಷ್ಟೋ ಸಲ ನೋವೇ ಇರುವುದಿಲ್ಲ, ಅದಕ್ಕೇ ಯಾರೂ ಹೇಳಿಕೊಳ್ಳುವುದಿಲ್ಲ. ದಂತವೈದ್ಯರಿಗೆ ತೋರಿಸಿ. ಫಂಗಸ್ ಔಷಧಿ ಬೇಕಾ, ಲೈನಿಂಗ್ ಬದಲಿಸಬೇಕಾ ಅಂತ ಅವರೇ ಹೇಳುತ್ತಾರೆ. ರಾತ್ರಿ ಸೆಟ್ ತೆಗೆದಿಡಲಿ. ಊಟವಾದ ಮೇಲೆ ತಣ್ಣೀರಲ್ಲಿ ತೊಳೆದು, ಮೆತ್ತನೆ ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜಲಿ. ಕುದಿಯುವ ನೀರು ಹಾಕಿದರೆ ಸೆಟ್ಟೇ ಸೊಟ್ಟಗಾಗುತ್ತದೆ. ಸೆಟ್ ನೆನೆಸಿಡುವ ನೀರಿಗೆ ಹಾಕುವ ನೊರೆ ಬರುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ, ಕೆಲವು ಲೈನಿಂಗುಗಳನ್ನು ಅವು ಹಾಳು ಮಾಡುತ್ತವೆ. ನಿಮ್ಮದು ಅಕ್ರಿಲಿಕ್ಕಾ ಸಿಲಿಕೋನಾ ಅಂತ ಡಾಕ್ಟರ ಹತ್ತಿರ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.