ಟೇಪಿಗೆ ಸಿಗದ ಮೈಕಟ್ಟು

ದಸರಾ ರಜೆಯಲ್ಲಿ ಚಿಕ್ಕಮಗಳೂರಿನ ಅಕ್ಕನ ಮನೆಗೆ ಹೋದಾಗ ಅವಳ ಮಗಳು ಹೊಲಿಗೆ ಡಬ್ಬಿಯ ಟೇಪನ್ನು ತೊಡೆಗೆ ಸುತ್ತಿಕೊಂಡು ನಿಂತಿದ್ದಳು. ಹಳದಿ ಟೇಪು, ತುದಿಯ ತಗಡು ಕಿತ್ತುಹೋಗಿತ್ತು. ಇಪ್ಪತ್ತರ ಗೆರೆ ದಾಟಿ ಇನ್ನರ್ಧ ಇಂಚು. "ಚಿಕ್ಕಮ್ಮ, ಜೂನ್‌ನಲ್ಲಿ ಹತ್ತೊಂಬತ್ತು ಇತ್ತು. ಇನ್ನು ಮೇಲೆ ನಾನು ಸೈಕಲ್ ತುಳಿಯುವುದಿಲ್ಲ" ಎಂದಳು. ಅವಳಿಗೆ ಹದಿನೈದು ವರ್ಷ. ಶಾಲೆಗೆ ಹೋಗಿ ಬರಲು ದಿನಕ್ಕೆ ಎಂಟು ಕಿಲೋಮೀಟರ್ ತುಳಿಯುತ್ತಾಳೆ. ಯಾವುದೋ ಮದುವೆಮನೆಯಲ್ಲಿ ನೆಂಟರೊಬ್ಬರು ಅವಳ ಕಾಲು ನೋಡಿ, "ಗಂಡುಹುಡುಗರ ಕಾಲಿನ ಹಾಗಾಗಿದೆಯಲ್ಲೇ, ಆ ಸೈಕಲ್ ಬಿಟ್ಟುಬಿಡು" ಎಂದಿದ್ದರಂತೆ.

ಹಾಸನಕ್ಕೆ ವಾಪಸಾದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಸೈಕಲ್ ಮೈಯನ್ನು ಬದಲಿಸುತ್ತದೆ ಎಂಬುದು ನಿಜ. ಆದರೆ ಆ ನೆಂಟರು ಹೇಳಿದ ಬದಲಾವಣೆಗೂ ನಿಜವಾಗಿ ಆಗುವ ಬದಲಾವಣೆಗೂ ಬಹಳ ದೂರ.

ಪೆಡಲ್ ಮೇಲಿಂದ ಕೆಳಕ್ಕೆ ಬರುವಾಗ ಮೊದಲು ಕೆಲಸಕ್ಕಿಳಿಯುವುದು ಪೃಷ್ಠದ ದೊಡ್ಡ ಸ್ನಾಯು ಮತ್ತು ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪು. ಆ ನಾಲ್ಕರಲ್ಲಿ ಒಂದು ಮಂಡಿಯ ಒಳಬದಿಯಲ್ಲಿ, ಸ್ವಲ್ಪ ಮೇಲೆ, ನೀರಿನ ಹನಿಯಂತೆ ಉಬ್ಬಿಕೊಳ್ಳುತ್ತದೆ. ಸೈಕಲ್ ತುಳಿಯುವವರ ಕಾಲಿನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಪೆಡಲ್ ಕೆಳಗಿನ ತುದಿಗೆ ಬಂದಾಗ ತೊಡೆಯ ಹಿಂಭಾಗದ ಸ್ನಾಯುಗಳೂ ಮೀನಖಂಡವೂ ಜೊತೆಗೂಡುತ್ತವೆ. ಮೀನಖಂಡ ಎಂಬ ಹೆಸರಿಟ್ಟವರು ಯಾರೋ, ಕಾಲನ್ನು ಹತ್ತಿರದಿಂದ ನೋಡಿದ್ದವರೇ ಇರಬೇಕು. ಏರು ಹತ್ತುವವರ ಹಿಂದೆ ಹೋದರೆ ಚರ್ಮದಡಿ ಮೀನು ಹೊರಳಿದಂತೆಯೇ ಕಾಣುತ್ತದೆ.

ಈ ಸ್ನಾಯುಗಳೆಲ್ಲ ಒಂದೇ ಬಗೆಯ ಎಳೆಗಳಿಂದ ಆದವಲ್ಲ. ಕೋಳಿ ಸಾರು ಮಾಡುವವರಿಗೆ ಇದು ಗೊತ್ತು: ಕಾಲಿನ ಮಾಂಸ ಕೆಂಪಗೆ, ಎದೆಯ ಮಾಂಸ ಬೆಳ್ಳಗೆ. ದಿನವಿಡೀ ಕೆದಕುತ್ತ ಓಡಾಡುವ ಕಾಲಿಗೆ ಆಮ್ಲಜನಕ ಹಿಡಿದಿಡುವ ಕೆಂಪು ವಸ್ತು ಬೇಕು. ಒಮ್ಮೆ ರೆಕ್ಕೆ ಬಡಿದು ಹಾರಿ ಕೂರುವ ಎದೆಗೆ ಅಷ್ಟು ಬೇಡ. ನಮ್ಮ ತೊಡೆಯಲ್ಲಿ ಎರಡೂ ಬಗೆಯ ಎಳೆಗಳು ಬೆರೆತಿವೆ. ನಿಮಿಷಕ್ಕೆ 70 ಸುತ್ತಿನಂತೆ ಒಂದು ಗಂಟೆ ತುಳಿದರೆ ಒಂದೊಂದು ಕಾಲೂ 4,200 ಸಲ ಒತ್ತುತ್ತದೆ. ಪ್ರತಿ ಒತ್ತೂ ಹಗುರ. ಇಂಥ ಕೆಲಸ ನಿಧಾನದ ಕೆಂಪು ಎಳೆಗಳಿಗೆ ಸೇರಿದ್ದು, ಮತ್ತು ಅವು ಹೆಚ್ಚು ದಪ್ಪವಾಗುವುದಿಲ್ಲ. ದಪ್ಪವಾದಷ್ಟೂ ಎಳೆಯ ನಟ್ಟನಡುವಿಗೆ ಆಮ್ಲಜನಕ ತಲುಪುವ ದಾರಿ ಉದ್ದವಾಗುತ್ತದೆಯಲ್ಲ! ಅದಕ್ಕೆ ಬದಲಾಗಿ ಸುತ್ತ ಹೊಸ ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು, ಚಿಗುರುತ್ತವೆ, ಒಳಗೆ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ. ಇವು ಯಾವ ಟೇಪಿನ ಅಳತೆಗೂ ಸಿಗುವುದಿಲ್ಲ.

ಹಾಗಾದರೆ ತೊಡೆ ದಪ್ಪವಾಗುವುದೇ ಇಲ್ಲವೇ? ಆಗುತ್ತದೆ, ಅದಕ್ಕೆಂದೇ ದುಡಿದರೆ. ಜರ್ಮನಿಯ ರಾಬರ್ಟ್ ಫೋರ್ಸ್ಟೆಮನ್ 2012ರ ಲಂಡನ್ ಒಲಿಂಪಿಕ್ಸ್‌ನ ತಂಡ ಸ್ಪ್ರಿಂಟ್‌ನಲ್ಲಿ (ಕಡಿಮೆ ದೂರದ, ಅತಿ ವೇಗದ ಸೈಕಲ್ ಓಟ) ಕಂಚು ಗೆದ್ದವರು. ಅವರ ತೊಡೆಯ ಸುತ್ತಳತೆ ಸುಮಾರು 74 ಸೆಂಟಿಮೀಟರ್, ಅಂದರೆ 29 ಇಂಚು. ಒಮ್ಮೆ ಅವರು ಸೈಕಲ್ ತುಳಿದೇ 700 ವ್ಯಾಟಿನ ಟೋಸ್ಟರ್ ನಡೆಸಿ, ಒಂದು ಹೋಳು ಬ್ರೆಡ್ ಬಿಸಿ ಮಾಡಿ, ಕೊನೆಗೆ ನೆಲಕ್ಕೆ ಕುಸಿದಿದ್ದರು. ಅಂಥ ಕಾಲುಗಳು ಸೈಕಲ್ಲಿನ ಮೇಲೆ ಮಾತ್ರ ತಯಾರಾಗುವುದಿಲ್ಲ. ಹೆಗಲ ಮೇಲೆ ಭಾರಿ ತೂಕ ಹೊತ್ತು ಬಸ್ಕಿ ಹೊಡೆಯಬೇಕು, ಅದಕ್ಕೆ ತಕ್ಕಂತೆ ಉಣ್ಣಬೇಕು, ವರ್ಷಗಟ್ಟಲೆ. ಇನ್ನೊಂದು ತುದಿಯಲ್ಲಿ ಕೊಲಂಬಿಯಾದ ನೈರೊ ಕ್ವಿಂಟಾನ ಇದ್ದಾರೆ. ಆಂಡಿಸ್ ಬೆಟ್ಟಗಳ ನಡುವೆ, ನನ್ನ ಅಕ್ಕನ ಮಗಳ ಹಾಗೆಯೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗ. 2014ರಲ್ಲಿ ಇಟಲಿಯ ದೊಡ್ಡ ಸೈಕಲ್ ಸ್ಪರ್ಧೆ ಜಿರೋ ದ ಇಟಾಲಿಯಾ ಗೆದ್ದ ಅವರ ತೂಕ 60 ಕಿಲೋ ಸಹ ಇರಲಿಲ್ಲ. ಎರಡು ಚಕ್ರ, ಒಂದು ಚೈನು ಇಬ್ಬರಿಗೂ ಒಂದೇ. ಮೈ ಮಾತ್ರ ಪೂರ್ತಿ ಬೇರೆ.

ಈ ವ್ಯತ್ಯಾಸ ಯಾಕೆಂದು ತಿಳಿಯಬೇಕಾದರೆ ಮುಳ್ಳಯ್ಯನಗಿರಿ ಹತ್ತಬೇಕು. ಸಪಾಟು ರಸ್ತೆಯಲ್ಲಿ ಎದುರಾಳಿ ಗಾಳಿ, ಅಲ್ಲಿ ಒಟ್ಟು ಬಲವೇ ಮುಖ್ಯ. ಏರಿನಲ್ಲಿ ಎದುರಾಳಿ ನಮ್ಮದೇ ತೂಕ. ಚಿಕ್ಕಮಗಳೂರು ಪೇಟೆಯಿಂದ 1,930 ಮೀಟರ್ ಎತ್ತರದ ಶಿಖರದವರೆಗೆ ಸುಮಾರು 800 ಮೀಟರ್ ಏರು ಎಂದುಕೊಳ್ಳೋಣ. 55 ಕಿಲೋ ಮನುಷ್ಯ, 15 ಕಿಲೋ ಸೈಕಲ್, ಒಟ್ಟು 70 ಕಿಲೋ. ಇಷ್ಟನ್ನು ಅಷ್ಟು ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 130 ಕಿಲೋಕ್ಯಾಲರಿ. ಆದರೆ ನಮ್ಮ ದೇಹ ಉರಿಸಿದ ಶಕ್ತಿಯಲ್ಲಿ ಐದನೇ ಒಂದಕ್ಕಿಂತ ತುಸು ಹೆಚ್ಚು ಪಾಲು ಮಾತ್ರ ಪೆಡಲ್‌ಗೆ ಸೇರುತ್ತದೆ, ಉಳಿದದ್ದೆಲ್ಲ ಶಾಖ. ಹಾಗಾಗಿ ನಿಜವಾಗಿ ಖರ್ಚಾಗುವುದು 600ರ ಆಸುಪಾಸು, ಹತ್ತಿರಹತ್ತಿರ 170 ಗ್ರಾಂ ಅಕ್ಕಿಯಲ್ಲಿರುವಷ್ಟು. ಡಿಸೆಂಬರಿನ ಚಳಿಯಲ್ಲೂ ಆ ದಾರಿಯ ಕೈಮರದ ತಿರುವು ದಾಟುವಷ್ಟರಲ್ಲಿ ಬೆನ್ನು ಒದ್ದೆಯಾಗುವುದು ಆ ಶಾಖದಿಂದಲೇ. ಮೈತೂಕ 10 ಕಿಲೋ ಹೆಚ್ಚಿದ್ದರೆ ಖರ್ಚೂ ಏಳನೇ ಒಂದು ಪಾಲು ಏರುತ್ತದೆ. ಬೆಟ್ಟದ ಸವಾರರು ಸಣ್ಣಗಿರುವುದರ ಹಿಂದೆ ಇರುವುದು ಈ ಲೆಕ್ಕ.

ಕೈಮರದ ಚೆಕ್‌ಪೋಸ್ಟ್ ಬಳಿ ಸೈಕಲ್ ಒರಗಿಸಿ ಮಣಿಕಟ್ಟಿಗೆ ಎರಡು ಬೆರಳಿಟ್ಟು ನಾಡಿ ಎಣಿಸುವುದು ನನ್ನ ಅಭ್ಯಾಸ. ಇಳಿದ ಕೂಡಲೇ 160ರ ಮೇಲಿರುತ್ತದೆ. ಎರಡು ನಿಮಿಷ ಬಿಟ್ಟು ಎಣಿಸಿದರೆ ನೂರರ ಹತ್ತಿರಕ್ಕೆ ಬಂದಿರುತ್ತದೆ. ಸೈಕಲ್ ತುಳಿಯಲು ಶುರುಮಾಡಿದ ವರ್ಷ ಇಷ್ಟು ಬೇಗ ಇಳಿಯುತ್ತಿರಲಿಲ್ಲ. ಬೆಳಗ್ಗೆ ಎದ್ದಾಗಿನ ನಾಡಿಯೂ 74ರಿಂದ 58ಕ್ಕೆ ಬಂದಿದೆ. ವರ್ಷಗಳ ಅಭ್ಯಾಸದಿಂದ ಹೃದಯದ ಎಡ ಕೋಣೆ ಹಿಗ್ಗಿ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಸುಮ್ಮನೆ ಕೂತಾಗ ಕಡಿಮೆ ಬಡಿದರೂ ಸಾಕಾಗುತ್ತದೆ. 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ದ ಫ್ರಾನ್ಸ್ ಗೆದ್ದ ಸ್ಪೇನಿನ ಮಿಗೆಲ್ ಇಂಡುರೈನ್ ಅವರ ನಾಡಿ ನಿಮಿಷಕ್ಕೆ 28 ಎಂದು ದಾಖಲಾಗಿತ್ತು. ಸೈಕಲ್ ಕಟ್ಟುವ ಮೈಯಲ್ಲಿ ಅತ್ಯಂತ ದೊಡ್ಡ ಕೆಲಸ ನಡೆಯುವುದು ಪಕ್ಕೆಲುಬುಗಳ ಹಿಂದೆ, ಯಾವ ಮದುವೆಮನೆಯ ಕಣ್ಣಿಗೂ ಬೀಳದ ಜಾಗದಲ್ಲಿ.

ಇನ್ನು ಜೂನ್‌ನಿಂದ ಅಕ್ಟೋಬರ್‌ವರೆಗಿನ ಆ ಒಂದೂವರೆ ಇಂಚು. ಹದಿಹರೆಯದಲ್ಲಿ ಈಸ್ಟ್ರೋಜನ್ ಹಾರ್ಮೋನು ಹುಡುಗಿಯರ ಸೊಂಟಕ್ಕೂ ತೊಡೆಗೂ ಕೊಬ್ಬು ಸೇರಿಸುತ್ತದೆ, ಸೈಕಲ್ ತುಳಿದರೂ ಸರಿ, ಬಿಟ್ಟರೂ ಸರಿ. ಬೆಳೆಯುವ ಮಗು ಬೆಳೆದಿದೆ, ಅಷ್ಟೇ. ಬೆಳವಣಿಗೆಯ ಲೆಕ್ಕವನ್ನು ಸೈಕಲ್ಲಿನ ತಲೆಗೆ ಕಟ್ಟಿದ್ದೇವೆ.

ಸೈಕಲ್ ಎಲ್ಲವನ್ನೂ ಕೊಡುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಸೀಟು ನಮ್ಮ ಭಾರ ಹೊರುವುದರಿಂದ ಮಂಡಿಗೆ ಪೆಟ್ಟು ಕಡಿಮೆ, ಅದು ಒಳ್ಳೆಯದು. ಆದರೆ ಪೆಟ್ಟಿಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ರಸ್ತೆ ಸೈಕ್ಲಿಂಗನ್ನು ಮಾತ್ರವೇ ನೆಚ್ಚಿದ ಕ್ರೀಡಾಪಟುಗಳಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಮತ್ತೆಮತ್ತೆ ಕಂಡುಬಂದಿದೆ. ಮೂಳೆ ತನ್ನ ಸಾಂದ್ರತೆಯನ್ನು ಕೂಡಿಟ್ಟುಕೊಳ್ಳುವ ಕಾಲ ಹದಿಹರೆಯ. ಹಾಗಾಗಿ ಸೈಕಲ್ ತುಳಿಯುವ ಮಕ್ಕಳು ಕುಂಟೆಬಿಲ್ಲೆಯನ್ನೂ ಆಡಲಿ, ಹಗ್ಗ ಹಾರಲಿ, ಓಡಲಿ.

ಸಣ್ಣ ಮೈಯ ಆಸೆಯೂ ಅಪಾಯ ತರುತ್ತದೆ. 2025ರ ಮಹಿಳೆಯರ ಟೂರ್ ದ ಫ್ರಾನ್ಸ್ ಗೆದ್ದ ಪೋಲಿನ್ ಫೆರಾಂ-ಪ್ರೆವೊ ಬೆಟ್ಟದ ಹಂತಗಳಿಗಾಗಿ ತೂಕ ಇಳಿಸಿಕೊಂಡಿದ್ದರು. ಅದು ಪೂರ್ತಿ ಆರೋಗ್ಯಕರವಲ್ಲ, ವರ್ಷವಿಡೀ ಹಾಗಿರಲಾಗದು ಎಂದು ಅವರೇ ಒಪ್ಪಿಕೊಂಡರು. ಎರಡನೆಯವರಾಗಿ ಬಂದ ಡೆಮಿ ವೊಲರಿಂಗ್, ತಮ್ಮ ಮೈ ಅಷ್ಟು ಸಣ್ಣಗಿರಲು ಹುಟ್ಟಿದ್ದಲ್ಲ ಎಂದು ಬಹಿರಂಗವಾಗಿ ಹೇಳಿದರು. ವೊಲರಿಂಗ್ ಅವರ ಆ ಮಾತಿಗೆ ನಾನು ಪದಕಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ದುಡಿಮೆಗೆ ಸಾಲದಷ್ಟು ಉಂಡರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು ಎಚ್ಚರಿಸಿದೆ. ಗಂಡಸರಿಗೂ ಇದು ತಪ್ಪಿದ್ದಲ್ಲ.

ನಮ್ಮ ಕಡೆಯ ಕಣ್ಣು ಇನ್ನೊಂದು ಬಗೆ. ಹಾಸನದಲ್ಲಿ ನನ್ನ ಜೊತೆ ಸೈಕಲ್ ತುಳಿಯುವ ಗೆಳೆಯರೊಬ್ಬರು ಎಂಟು ಕಿಲೋ ಇಳಿದಾಗ ಸಂತೆಯಲ್ಲಿ ಸಿಕ್ಕವರೆಲ್ಲ "ಏನಪ್ಪಾ ಇಷ್ಟು ಸೊರಗಿದ್ದೀಯ, ಸಕ್ಕರೆ ಕಾಯಿಲೆಯೇ?" ಎಂದು ಕೇಳಿದರು. ಗಂಡಸು ಸೊರಗಿದರೆ ರೋಗ, ಹೆಣ್ಣಿನ ಕಾಲು ಗಟ್ಟಿಯಾದರೆ ಗಂಡುಕಾಲು. ಇದು ಇಂದಿನದಲ್ಲ, ನಮ್ಮೊಬ್ಬರದೂ ಅಲ್ಲ. 1890ರ ದಶಕದಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಯುರೋಪಿನ ಕೆಲವು ವೈದ್ಯರು, ಸಮತೋಲನಕ್ಕಾಗಿ ಹೆಣಗಿ ಅವರ ಮುಖವೇ ಬಿಗಿದು ವಿಕಾರವಾಗುತ್ತದೆ ಎಂದು ಹೆದರಿಸಿ, ಅದನ್ನು 'ಸೈಕಲ್ ಮುಖ' ಎಂದು ಕರೆದಿದ್ದರು. ಹೆಂಗಸರ ರಸ್ತೆ ಓಟ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ.

ಆದರೂ ಕನ್ನಡದಲ್ಲಿ ಸವಾಲು ಹಾಕುವವರು ತಟ್ಟುವುದು ತೊಡೆಯನ್ನೇ. ಅಕ್ಕನ ಮನೆಯಿಂದ ಸುಮಾರು 25 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಬಿಲ್ಲು ಹಿಡಿದ ಬೇಟೆಯ ಮದನಿಕೆ ನಿಂತಿದ್ದಾಳೆ. ತುಂಬಿದ ತೊಡೆ, ಮೈಭಾರವೆಲ್ಲ ಕಾಲಿನ ಮೇಲೆ. ಬಾಳೆದಿಂಡಿನಂಥ ತೊಡೆ ಎಂದು ಹಳೆಯ ಕವಿಗಳು ಹೊಗಳುತ್ತಿದ್ದದ್ದು ಇಂಥದ್ದನ್ನೇ. ಆ ಹೊಗಳಿಕೆಯೂ ನೋಡುವವರ ಕಣ್ಣಿಗೆ ಸಂಬಂಧಿಸಿದ್ದು, ತುಳಿಯುವವಳ ಕಾಲು ಏನು ಮಾಡಬಲ್ಲದು ಎಂದು ಅದು ಕೇಳಲಿಲ್ಲ. ಆದರೂ ಮುಂದಿನ ಸಲ ಹೋದಾಗ ಅಕ್ಕನ ಮಗಳನ್ನು ಅಲ್ಲಿಗೆ ಕರೆದೊಯ್ದೆ. ಬಹಳ ಹೊತ್ತು ತಲೆಯೆತ್ತಿ ನೋಡಿದಳು, ಏನೂ ಹೇಳಲಿಲ್ಲ.

ಸಂಜೆ ಮನೆಯಂಗಳದಲ್ಲಿ, ಮಂಡಿಯ ಮುಂದೆ ನೋಯುತ್ತದೆ ಎಂಬ ಇನ್ನೊಂದು ವಿಷಯ ಹೊರಬಂತು. ಸೈಕಲ್ ನೋಡಿದೆ. ಸೀಟು ತೀರಾ ತಗ್ಗಿನಲ್ಲಿತ್ತು. ಸೀಟು ತಗ್ಗಾದರೆ ಮಂಡಿ ಅತಿಯಾಗಿ ಮಡಚಿಕೊಂಡು ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಅದೇ ಹಳದಿ ಟೇಪು ತರಿಸಿದೆ. ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕಾಲಿನ ಒಳಬದಿ ಅಳೆದರೆ 29 ಇಂಚು. ಅದನ್ನು 0.883ರಿಂದ ಗುಣಿಸುವುದು ಗ್ರೆಗ್ ಲೆಮಾಂಡ್ ಎಂಬ ಅಮೆರಿಕದ ಸವಾರ ಪ್ರಚಾರಕ್ಕೆ ತಂದ ಲೆಕ್ಕ. ಪೆಡಲ್‌ಗಳ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟಿರಬೇಕೆಂದು ಅದು ಹೇಳುತ್ತದೆ: ಇಪ್ಪತ್ತೈದೂವರೆಗಿಂತ ಒಂದಿಷ್ಟು ಹೆಚ್ಚು. ಇದ್ದದ್ದು ಇಪ್ಪತ್ತಮೂರು. ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸಿ ಸೀಟು ಎತ್ತಿದೆವು. ಗೇಟಿನಾಚೆ ಒಂದು ಸುತ್ತು ಹೋಗಿ ಬಂದು, "ಇನ್ನೊಂದು ಸ್ವಲ್ಪ ಎತ್ತಲೇ ಚಿಕ್ಕಮ್ಮ?" ಎಂದು ಕೇಳಿದಳು.